ಒಂದು ಗಂಟೆ ಸತ್ಕಾರ, ಹನ್ನೆರಡು ನಿಮಿಷ ವಿಜ್ಞಾನ

ಮಾನ್ಯ ಸಂಪಾದಕರೇ,

ನವನಗರದಲ್ಲಿ ಭಾನುವಾರ ನಡೆದ ಉಪನ್ಯಾಸದ ವರದಿ ಓದಿ ಸಿಟ್ಟು ತಡೆಯಲಾಗದೆ ಬರೆಯುತ್ತಿದ್ದೇನೆ. ‘ಬ್ಯಾಕ್ಟೀರಿಯಾ ವೈರಸ್‌ನಿಂದ ಕ್ಯಾನ್ಸರ್’ ಎಂದು ತಲೆಬರಹ ಹಾಕಿದ್ದೀರಿ. ಉಪನ್ಯಾಸಕರು ಹಾಗೆ ಹೇಳಲೇ ಇಲ್ಲ. ನಾನು ಮೂರನೇ ಸಾಲಿನಲ್ಲೇ ಕೂತಿದ್ದೆ.

ತಪ್ಪು ವರದಿಗಾರರದ್ದೊಂದೇ ಅಲ್ಲ. ಕಾರ್ಯಕ್ರಮ ಹತ್ತೂವರೆಗೆ ಅಂದಿದ್ದರು. ವಿದ್ಯಾಗಿರಿಯಿಂದ ಎಂಟು ಮಕ್ಕಳನ್ನು ಟಂಟಂನಲ್ಲಿ ಕರೆದುಕೊಂಡು ಹೋಗಿದ್ದೆ. ಅಧಿಕಾರಿಗಳು ಬಂದಿದ್ದು ಹನ್ನೆರಡೂವರೆಗೆ. ಆಮೇಲೆ ಶಾಲು, ಹಾರ, ಫೋಟೊ. ಕುಡಿಯಲು ನೀರಿಲ್ಲ, ಫ್ಯಾನ್ ತಿರುಗಲಿಲ್ಲ. ವಿಜ್ಞಾನಿಗೆ ಸಿಕ್ಕಿದ್ದು ಹನ್ನೆರಡು ನಿಮಿಷ. ಮಾತು ಅರ್ಧಕ್ಕೆ ಬಂದಾಗಲೇ ವಂದನಾರ್ಪಣೆ ಶುರು!

ಉಳಿದರ್ಧ ನಾನೇ ಹೇಳುತ್ತೇನೆ, ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿದವನು. ಬ್ಯಾಕ್ಟೀರಿಯಾಕ್ಕೂ ವೈರಸ್ ತಗಲುತ್ತದೆ. ಅದೇ ಫೇಜ್. ಕೆಲವು ಫೇಜ್‌ಗಳು ಕೂಡಲೇ ಕೊಲ್ಲುವುದಿಲ್ಲ. ಬ್ಯಾಕ್ಟೀರಿಯಾದ ಡಿಎನ್‌ಎ ಒಳಗೇ ಸೇರಿಕೊಂಡು ಸುಮ್ನೆ ಕೂರುತ್ತವೆ. 1950ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ವಿಜ್ಞಾನಿ ಆಂದ್ರೆ ಲ್ವೋಫ್ ಮತ್ತು ಸಂಗಡಿಗರು ಇಂಥ ಬ್ಯಾಕ್ಟೀರಿಯಾ ಮೇಲೆ ನೇರಳಾತೀತ ಕಿರಣ ಬಿಟ್ಟರು. ಮಲಗಿದ್ದ ವೈರಸ್ ಎದ್ದಿತು, ಬ್ಯಾಕ್ಟೀರಿಯಾ ಒಡೆದುಹೋಯಿತು. ಕ್ಯಾನ್ಸರ್ ತರುವ ಕೆಲವು ಕಿರಣ, ರಾಸಾಯನಿಕಗಳೇ ಈ ವೈರಸ್ಸನ್ನೂ ಎಬ್ಬಿಸುತ್ತವೆ. ಹಾಗಾದರೆ ನಮ್ಮ ಜೀವಕೋಶ ದಾರಿ ತಪ್ಪಿ ಕ್ಯಾನ್ಸರ್ ಆಗುವುದನ್ನೂ ಇದರಿಂದ ಅರಿಯಬಹುದಲ್ವಾ ಎಂದು ಲ್ವೋಫ್ ಯೋಚಿಸಿದರು. ಫೇಜ್ ಇಲ್ಲಿ ತಿಳಿದುಕೊಳ್ಳಲು ಒಂದು ಮಾದರಿ. ಅದು ಮನುಷ್ಯನ ಜೀವಕೋಶಕ್ಕೆ ತಗಲುವುದೇ ಇಲ್ಲ. ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವಾಗುವ ಎಚ್‌ಪಿವಿ ಬೇರೆಯೇ ವೈರಸ್. ಅದಕ್ಕೆ ಲಸಿಕೆಯೂ ಇದೆ.

ನಮ್ಮ ವೈನಿಗೆ, ಅಂದರೆ ಅತ್ತಿಗೆಗೆ, ಕ್ಯಾನ್ಸರ್; ಕಿಮೋ ನಡೆದಿದೆ. ಸೋಮವಾರ ಬೆಳಿಗ್ಗೆ ಪಕ್ಕದ ಮನೆಯವರು ಪೇಪರ್ ಹಿಡಿದುಕೊಂಡೇ ಬಂದು, ‘ಸರ್, ಮಕ್ಕಳನ್ನ ನಿಮ್ಮ ಮನೆಗೆ ಕಳಿಸಬಹುದಾ?’ ಎಂದು ಕೇಳಿದರು. ವೈನಿ ಒಳಗಿನಿಂದ ಕೇಳಿಸಿಕೊಂಡರು. ಅವತ್ತು ಊಟ ಮಾಡಲಿಲ್ಲ. ರೋಗಿಯ ತಟ್ಟೆ, ಲೋಟ ಬೇರೆ ಇಡುವ ಜನ ಈಗಲೂ ಇದ್ದಾರೆ. ಅವರಿಗೆ ‘ಪೇಪರಿನಲ್ಲೇ ಬಂದಿದೆ’ ಎಂಬ ನೆಪ ಸಿಕ್ಕಿತು.

ಈ ಅಧಿಕಾರಿಗಳು ಯಾವುದಕ್ಕೆ ಹೊತ್ತಿಗೆ ಸರಿಯಾಗಿ ಬಂದಿದ್ದಾರೆ ಹೇಳಿ? ಹಳೇ ಊರಿನ ಮನೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೋದಾಗ ಪರಿಹಾರದ ಕಾಗದಕ್ಕೆ ಚಪ್ಪಲಿ ಸವೆಯುವಷ್ಟು ಅಲೆದೆ. ನಮ್ಮ ಸೆಕ್ಟರಿನ ಬೀದಿದೀಪ ಯುಗಾದಿಯಿಂದ ಕೆಟ್ಟಿದೆ. ಹೇಳಿದರೆ ‘ನೋಡೋಣ’ ಎನ್ನುತ್ತಾರೆ.

ತಿದ್ದುಪಡಿಯನ್ನು ಮೊದಲ ಪುಟದಲ್ಲೇ ಹಾಕಿ. ಆ ವಿಜ್ಞಾನಿಯನ್ನು ಮತ್ತೆ ಕರೆಸಿ ಪೂರ್ತಿ ಎರಡು ಗಂಟೆ ಕೊಡಲಿ, ಇಲ್ಲವೇ ಇಂಥ ಕಾರ್ಯಕ್ರಮ ಮಾಡುವುದನ್ನೇ ಬಿಡಲಿ. ಶಾಲು ಬೇಕಾದವರು ಬೇರೆ ದಿನ ಬಂದು ಹೊದ್ದುಕೊಳ್ಳಲಿ.

— ನಿವೃತ್ತ ಜೀವಶಾಸ್ತ್ರ ಶಿಕ್ಷಕ, ಬಾಗಲಕೋಟೆ