ಮಗಳಿಗೊಂದು ಪತ್ರ: ಬೀಗದ ಕೈ ಪಡೆಯುವ ಮೊದಲು

ಪ್ರೀತಿಯ ಮಗಳೇ,

ನಮ್ಮ ಚರ್ಚಿನ ಸಭೆಯ ಕಾರ್ಯದರ್ಶಿಯಾಗಿ ನಿನ್ನನ್ನು ಆರಿಸಿದ್ದಾರೆ. ಹೊಗಳುವುದಕ್ಕೆ ಬೇರೆಯವರಿದ್ದಾರೆ, ನಾನು ಕೆಲಸದ ಮಾತಷ್ಟೇ ಬರೆಯುತ್ತೇನೆ.

ಮೊದಲು ಸಮಾಧಿ ಸ್ಥಳಕ್ಕೆ ಹೋಗು. ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚುಗಳಲ್ಲಿ ಪಾಸ್ಟರ್ ಅಯ್ಯನವರಿಗೆ ಕೆಲವು ವರ್ಷಕ್ಕೊಮ್ಮೆ ವರ್ಗವಾಗುತ್ತದೆ; ಊರಿನ ನೆನಪು ಉಳಿಯುವುದು ಹಿರಿಯರ ತಲೆಯಲ್ಲಿ. ಕಲ್ಲಿಲ್ಲದ ಗೋರಿ ಯಾವ ಮನೆಯದು ಎಂದು ಬಲ್ಲವರು ಇಬ್ಬರೋ ಮೂವರೋ. ಅವರನ್ನು ಕರೆದೊಯ್ದು ಸಾಲುಸಾಲಾಗಿ ನಕ್ಷೆ ಬರೆದುಕೊ, ರಿಜಿಸ್ಟರಿನ ಜೊತೆ ತಾಳೆ ನೋಡು. ನಕ್ಷೆಯಿಲ್ಲದಿದ್ದರೆ ಜಗಳ ಏಳುವುದು ಹೆಣ ಮುಂದಿಟ್ಟುಕೊಂಡೇ.

ಹಳೆಯ ದೀಕ್ಷಾಸ್ನಾನ, ಮದುವೆ ರಿಜಿಸ್ಟರುಗಳ ಪ್ರತಿ ಪುಟದ ಫೋಟೊ ತೆಗೆ. ಲ್ಯಾಮಿನೇಶನ್ ಮಾತ್ರ ಬೇಡ, ಅದನ್ನು ಮತ್ತೆ ಬಿಡಿಸಲಾಗುವುದಿಲ್ಲ.

ಲೆಕ್ಕವನ್ನು ಮಾರ್ಚ್ 31ಕ್ಕೆ ಮುಗಿಸಿಯೇ ತೆಗೆದುಕೊಳ್ಳಿ. ಹಳೆ ಖಜಾಂಚಿ, ಹೊಸ ಖಜಾಂಚಿ, ಇಬ್ಬರು ಸಾಕ್ಷಿಗಳು ಕೂತು ನಗದು ಎಣಿಸಲಿ. ಬಳಸದ ರಸೀದಿ ಪುಸ್ತಕಗಳ ಕ್ರಮಸಂಖ್ಯೆ, ಠೇವಣಿಗಳ ಅವಧಿ ಮುಗಿಯುವ ದಿನ, ಬೆಳೆಹಬ್ಬದ ಏಲಂನಲ್ಲಿ ಕೂಗಿ ಇನ್ನೂ ಹಣ ಕೊಡದವರ ಪಟ್ಟಿ (ಇದನ್ನು ಯಾರೂ ತಾವಾಗಿ ಕೊಡುವುದಿಲ್ಲ, ಕೇಳಬೇಕು) ಎಲ್ಲ ಒಂದೇ ಹಾಳೆಯಲ್ಲಿ ಬರಲಿ, ನಾಲ್ವರೂ ಸಹಿ ಹಾಕಲಿ. ಸಮಿತಿಯ ನಿರ್ಣಯದ ಪ್ರತಿ, ಹೊಸಬರ ಕೆವೈಸಿ, ಮಾದರಿ ಸಹಿ ಕೊಟ್ಟು ಬ್ಯಾಂಕಿನಿಂದ ಸ್ವೀಕೃತಿ ಪಡೆಯಿರಿ. ಕಾಣಿಕೆಯ ಕ್ಯೂಆರ್ ಯಾರ ಮೊಬೈಲ್ ನಂಬರಿಗೆ ಹೊಂದಿಕೊಂಡಿದೆ ನೋಡು. ಖಾತೆ ಸಭೆಯದೇ ಆದರೂ ಓಟಿಪಿ ಮಾಜಿಯವರ ಜೇಬಿಗೆ ಹೋಗುತ್ತಿದ್ದರೆ ಅಧಿಕಾರ ಇನ್ನೂ ಕೈಬದಲಾಗಿಲ್ಲ.

ಹಿರಿಯರ ವಿಷಯವೇ ಕಷ್ಟದ್ದು. ಬೈಬಲಿನಲ್ಲಿ, ಮುಂದಿನ ನಾಯಕ ಯೆಹೋಶುವನಿಗೆ ತನ್ನ ಅಧಿಕಾರದಲ್ಲಿ ಒಂದು ಪಾಲು ಕೊಡುವಂತೆ ಮೋಶೆಗೆ ಅಪ್ಪಣೆಯಾಗಿತ್ತು, ಒಮ್ಮೆಲೇ ಪೂರ್ತಿ ಅಲ್ಲ. ಮೂರು ತಿಂಗಳು ಹಳೆಯ ಕಾರ್ಯದರ್ಶಿ ನಡಾವಳಿ ಬರೆಯಲಿ, ನೀನು ಪಕ್ಕದಲ್ಲಿ ಕೂರು. ಮುಂದಿನ ಮೂರು ತಿಂಗಳು ನೀನು ಬರೆ, ಅವರು ಓದಿ ತಿದ್ದಲಿ. ಆಮೇಲೆ ಅವರು ಸಮಿತಿ ಕೋಣೆಗೆ ಬರಬಾರದು. ‘ಸಲಹೆಗಾರ’ ಎಂಬ ಕುರ್ಚಿ ಹಾಕಿದಿರೋ, ಪ್ರತಿ ತೀರ್ಮಾನವೂ ಅವರ ಮುಖ ನೋಡಿಯೇ ಆಗುತ್ತದೆ. ಹಾಗೆಂದು ಮನೆಗೆ ಕಳಿಸಿಬಿಡುವುದೂ ತಪ್ಪು. ಬೈಬಲಿನ ಅರಣ್ಯಕಾಂಡ 8ನೇ ಅಧ್ಯಾಯದಲ್ಲಿ, ದೇವಸೇವೆಗೆ ನೇಮಕವಾದ ಲೇವಿ ಕುಲದವರಲ್ಲಿ 50 ವರ್ಷ ದಾಟಿದವರಿಗೆ ಭಾರದ ಸೇವೆಯಿಂದ ಬಿಡುಗಡೆ, ಸಹೋದರರಿಗೆ ನೆರವಾಗಲು ಅವಕಾಶ. ಸಮಾಧಿ ನಕ್ಷೆ, ರೋಗಿಗಳ ಭೇಟಿ ಅಂಥವರಿಗೆ ತಕ್ಕ ಕೆಲಸ.

ಯುವಕರಿಗೆ ಮೈಕು, ಪ್ರೊಜೆಕ್ಟರ್ ಮಾತ್ರ ವಹಿಸಬೇಡ. ಸ್ವಲ್ಪವಾದರೂ ಹಣ ಕೊಟ್ಟು ಲೆಕ್ಕ ಕೇಳು.

ಬೀಗದ ಕೈಗಳಿಗೆ ಚೀಟಿ ಕಟ್ಟಿಸಿಕೊಂಡೇ ಬಾ. ನೀರಿನ ಪಂಪಿನ ಕೋಣೆಯದನ್ನು ಮರೆಯಬೇಡ.

ಇಂತಿ,
ಅಮ್ಮ