ಮುಂದಿನ ಎಡಿಷನ್‌ನಲ್ಲಿ ನಿನ್ನ ವಿಝಾರ್ಡ್ ಗತಿ ಏನು?

ಗೆಳೆಯಾ,

ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ನಮ್ಮ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗೆ ಪೂರ್ತಿ ಹೊಸ ಎಡಿಷನ್, ಅಂದರೆ ಹೊಸ ನಿಯಮಗಳ ಪುಸ್ತಕ, ಬಂದರೆ ಮಂತ್ರವಾದಿ ವಿಝಾರ್ಡ್ ಕೈಯಿಂದ ಏನೇನು ಕಿತ್ತುಕೊಳ್ಳುತ್ತಾರೆ ಅಂತ ಕೇಳಿದ್ದೆ. ನನ್ನ ಊಹೆ ಮೊದಲೇ ಹೇಳಿಬಿಡುತ್ತೇನೆ. ಮಂತ್ರಗಳು ಅಷ್ಟೇನೂ ಬದಲಾಗುವುದಿಲ್ಲ, ಖರ್ಚಾದ ಮಂತ್ರ ಯಾವಾಗ ವಾಪಸ್ ಬರುತ್ತದೆ ಅನ್ನುವುದು ಬದಲಾಗುತ್ತದೆ. ಫೈರ್‌ಬಾಲ್ ಎಲ್ಲೂ ಹೋಗಲ್ಲ, ಹೆದರಬೇಡ. ಆದರೆ ರಾತ್ರಿ ಮಲಗಿ ಎದ್ದರೆ ಎಲ್ಲ ಸ್ಲಾಟೂ (ಒಂದು ಮಂತ್ರ ಬಿಟ್ಟರೆ ಒಂದು ಸ್ಲಾಟ್ ಖರ್ಚು) ತುಂಬಿಕೊಳ್ಳುವ ಲಾಂಗ್ ರೆಸ್ಟ್ ಇದೆಯಲ್ಲ, ಅದು ಜಾಸ್ತಿ ದಿನ ಬಾಳಲ್ಲ ಅನ್ನಿಸುತ್ತದೆ.

ಯಾಕೆ ಅಂದರೆ, ಈ ಆಟದಲ್ಲಿ ಮಂತ್ರವಾದಿಯ ಬಲಕ್ಕೆ ಒಂದು ಬೆಲೆ ಇತ್ತು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇದನ್ನು ಹೊರತಂದಾಗ ಇದ್ದದ್ದು ಮೂರೇ ಕ್ಲಾಸು, ಅಂದರೆ ಪಾತ್ರದ ಕಸುಬು: ಫೈಟಿಂಗ್ ಮ್ಯಾನ್ (ಈಗಿನ ಫೈಟರ್), ಮ್ಯಾಜಿಕ್ ಯೂಸರ್ (ಈಗಿನ ವಿಝಾರ್ಡ್), ಕ್ಲೆರಿಕ್ (ದೇವರ ಬಲದಿಂದ ಮಂತ್ರ ಹಾಕುವ ಪುರೋಹಿತ). ಮೊದಲ ಲೆವೆಲ್ ಮ್ಯಾಜಿಕ್ ಯೂಸರ್‌ಗೆ ದಿನಕ್ಕೆ ಒಂದು ಮಂತ್ರ. ಒಂದೇ. ಅದನ್ನು ಬಿಟ್ಟ ಮೇಲೆ ಕಠಾರಿ ಹಿಡಿದು ಫೈಟರ್ ಬೆನ್ನ ಹಿಂದೆ ನಿಲ್ಲಬೇಕು, ಯಾವುದಾದರೂ ಕೀಟ ಕಚ್ಚಿದರೂ ಕಥೆ ಮುಗಿಯಿತು. ಹೇಗೋ ಬದುಕಿ ಮೇಲಿನ ಲೆವೆಲ್ ಮುಟ್ಟಿದರೆ ಮಾತ್ರ ಅವನನ್ನು ಹಿಡಿಯುವವರೇ ಇಲ್ಲ. ಈಗ ಪಡಿಪಾಟಲು, ಆಮೇಲೆ ದರ್ಬಾರು. ಅದು ಒಪ್ಪಂದ.

ಆಮೇಲಿನ ಹೆಚ್ಚಿನ ಎಡಿಷನ್‌ಗಳು ಪಡಿಪಾಟಲನ್ನು ಒಂದೊಂದಾಗಿ ಕಡಿಮೆ ಮಾಡುತ್ತಾ ಬಂದವು, ದರ್ಬಾರನ್ನು ಮಾತ್ರ ಹೆಚ್ಚುಕಡಿಮೆ ಹಾಗೇ ಬಿಟ್ಟವು. 2000ದ ಮೂರನೇ ಎಡಿಷನ್ ಹುಟ್ಟಿನಿಂದಲೇ ಮಂತ್ರಬಲ ಇರುವ ಸಾರ್ಸರರ್‌ನನ್ನು ತಂದಿತು, ಬೆಳಗ್ಗೆ ಎದ್ದು ಪುಸ್ತಕ ಉರುಹೊಡೆಯುವ ಗೋಜಿಲ್ಲ, ಗೊತ್ತಿರುವ ನಾಲ್ಕಾರು ಮಂತ್ರವನ್ನೇ ಬೇಕಾದಾಗ ಬಿಡುತ್ತಿರಬಹುದು. 2014ರ ಐದನೇ ಎಡಿಷನ್‌ನಲ್ಲಿ ಸ್ಲಾಟ್ ಬೇಡದ ಚಿಕ್ಕ ಮಂತ್ರಗಳಾದ ಕ್ಯಾಂಟ್ರಿಪ್‌ಗಳಿಗೆ ಲೆಕ್ಕವೇ ಇಲ್ಲ, ಇಡೀ ದಿನ ಫೈರ್ ಬೋಲ್ಟ್ ಎಸೆಯುತ್ತಾ ಕೂತರೂ ಯಾರೂ ಕೇಳಲ್ಲ. ಎಲ್ಲವೂ ಆಟಗಾರನಿಗೆ ಖುಷಿ ಕೊಡುವ ಬದಲಾವಣೆಗಳೇ, ನಾನೇನೂ ಹಳೆಯದು ವಾಪಸ್ ಬರಲಿ ಅನ್ನುತ್ತಿಲ್ಲ. ಆದರೆ ಬೆಲೆ ಹೋಯಿತು ಅಂದಮೇಲೆ ವಿಝಾರ್ಡ್‌ಗೆ ಉಳಿದ ಕಡಿವಾಣ ಒಂದೇ: ದಿನ ಮುಗಿಯುವವರೆಗೆ ಸ್ಲಾಟ್ ಉಳಿಸಿಕೊಳ್ಳಬೇಕು ಅನ್ನುವ ಭಯ.

ಆ ಭಯ ಹುಟ್ಟಬೇಕಾದರೆ ದಿನ ಉದ್ದ ಇರಬೇಕಲ್ವಾ? ಆಟ ನಡೆಸುವ ಡಂಜನ್ ಮಾಸ್ಟರ್‌ಗೆ, ಅಂದರೆ ಡಿಎಂಗೆ, ಅಂತಲೇ ಬರೆದ 2014ರ ಪುಸ್ತಕದ ಲೆಕ್ಕದಲ್ಲಿ ಎರಡು ಲಾಂಗ್ ರೆಸ್ಟ್ ನಡುವೆ ಆರರಿಂದ ಎಂಟು ಕಾಳಗ. ಯಾರಪ್ಪಾ ಹಾಗೆ ಆಡುವುದು? ಒಂದು ಸಂಜೆ ಸೇರಿದರೆ ಅರ್ಧ ಹೊತ್ತು ಹರಟೆ, ಊರಿನವರ ಜೊತೆ ಮಾತುಕತೆ, ಕೊನೆಗೆ ಒಂದು ದೊಡ್ಡ ಹೊಡೆದಾಟ. ಆಮೇಲೆ ಎಲ್ಲರೂ ಮಲಗುತ್ತಾರೆ. ಇಂಥ ದಿನದಲ್ಲಿ ವಿಝಾರ್ಡ್ ಇದ್ದಬದ್ದ ಸ್ಲಾಟನ್ನೆಲ್ಲ ಒಂದೇ ಕಾಳಗದಲ್ಲಿ ಸುರಿಯುತ್ತಾನೆ, ಇಡೀ ದಿನಕ್ಕೆ ಅಂತ ತೂಗಿ ಕೊಟ್ಟ ಬಲ ನಾಲ್ಕು ಸುತ್ತಿನಲ್ಲಿ ಖಾಲಿ, ಫೈಟರ್ ಪಕ್ಕದಲ್ಲಿ ನಿಂತು ನೋಡಬೇಕು. ಐದನೇ ಎಡಿಷನ್ನನ್ನೇ ತಿದ್ದಿ ತಂದ 2024ರ ಪುಸ್ತಕದಲ್ಲಿ ಆ ಆರು-ಎಂಟರ ಲೆಕ್ಕವನ್ನೇ ಕೈಬಿಟ್ಟರು. ಲೆಕ್ಕ ಬಿಟ್ಟರು, ಆದರೆ ಅದರ ಮೇಲೆ ನಿಂತಿದ್ದ ಸ್ಲಾಟ್‌ಗಳು ಹಾಗೇ ಇವೆ! ಮುಂದಿನ ಎಡಿಷನ್ ಮೊದಲು ಕೈ ಹಾಕುವುದು ಇಲ್ಲಿಗೇ ಅಂತ ನಾನು ಹೇಳುತ್ತಿರುವುದು ಇದಕ್ಕೆ.

ಹೇಗೆ ಕೈ ಹಾಕಬಹುದು? ಒಂದು ದಾರಿಯನ್ನು 2008ರ ನಾಲ್ಕನೇ ಎಡಿಷನ್‌ನಲ್ಲಿ ನೋಡಿದ್ದೇವೆ. ಎಲ್ಲ ಕ್ಲಾಸಿಗೂ ಒಂದೇ ಅಳತೆ: ಕೆಲವು ಶಕ್ತಿ ಬೇಕಾದಾಗಲೆಲ್ಲ, ಕೆಲವು ಕಾಳಗಕ್ಕೊಮ್ಮೆ, ಕೆಲವು ದಿನಕ್ಕೊಮ್ಮೆ. ಲೆಕ್ಕದ ಮಟ್ಟಿಗೆ ಚೆನ್ನಾಗೇ ಇತ್ತು, ಈಗಲೂ ನನಗೆ ಅದರ ಮೇಲೆ ಪ್ರೀತಿ. ಆದರೆ ಫೈಟರೂ ವಿಝಾರ್ಡೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ ಕಂಡು ಎಷ್ಟೋ ಜನ 2009ರಲ್ಲಿ ಬಂದ ಪಾಥ್‌ಫೈಂಡರ್ ಅನ್ನುವ ಪೈಪೋಟಿ ಆಟದ ಕಡೆ ಹೋದರು. ಆ ಪೆಟ್ಟು ಮರೆತಿರಲ್ಲ, ಆ ದಾರಿ ಮತ್ತೆ ಹಿಡಿಯಲ್ಲ.

ಇನ್ನೊಂದು ದಾರಿ ಇದೆ. ಮೂರನೇ ಎಡಿಷನ್ ವಿನ್ಯಾಸದ ಮುಂದಾಳು ಜೋನಥನ್ ಟ್ವೀಟ್, ನಾಲ್ಕನೆಯದರ ಮುಂದಾಳು ರಾಬ್ ಹೈನ್ಸೂ, ಇಬ್ಬರೂ ಸೇರಿ 2013ರಲ್ಲಿ ಥರ್ಟೀನ್ತ್ ಏಜ್ ಅನ್ನುವ ಆಟ ತಂದರು. ಅದರಲ್ಲಿ ನಿದ್ದೆಗೂ ಮಂತ್ರಕ್ಕೂ ಸಂಬಂಧ ಇಲ್ಲ. ಸುಮಾರು ನಾಲ್ಕು ಕಾಳಗ ಆದ ಮೇಲೆ ಎಲ್ಲ ವಾಪಸ್, ಅದು ಒಂದೇ ದಿನದಲ್ಲಾಗಲಿ, ಒಂದು ತಿಂಗಳಲ್ಲಾಗಲಿ. ನನ್ನ ಬಾಜಿ ಇದರ ಮೇಲೆ. ಇದೇ ನಿಯಮ ಬರುತ್ತದೆ ಅಂತಲ್ಲ, ಗಡಿಯಾರದ ಬದಲು ಕಥೆಯ ಓಟಕ್ಕೆ ತಕ್ಕ ಹಾಗೆ ಸ್ಲಾಟ್ ತುಂಬುವ ಯಾವುದೋ ಒಂದು ಉಪಾಯ ಬರುತ್ತದೆ.

ಕ್ಲಾಸುಗಳ ವಿಷಯಕ್ಕೆ ಬಂದರೆ, ಹೆಚ್ಚು ಬದಲಾಗಬೇಕಾದವನು ಸಾರ್ಸರರ್. ಪಾಪ, ಎಷ್ಟು ವರ್ಷದಿಂದ ಪುಸ್ತಕ ಇಲ್ಲದ ವಿಝಾರ್ಡ್ ಆಗಿಯೇ ಓಡಾಡುತ್ತಿದ್ದಾನೆ. 2024ರಲ್ಲಿ ಇನ್ನೇಟ್ ಸಾರ್ಸರಿ ಕೊಟ್ಟರು, ಒಂದು ನಿಮಿಷ ಅವನ ಮಂತ್ರಗಳಿಗೆ ಕಾವು ಏರುತ್ತದೆ, ಅದು ಒಳ್ಳೆಯ ಹೆಜ್ಜೆಯೇ. ಆದರೆ 2012ರಲ್ಲಿ, ಐದನೇ ಎಡಿಷನ್ ಇನ್ನೂ ಪ್ರಯೋಗದಲ್ಲಿದ್ದಾಗ, ಇದಕ್ಕಿಂತ ರುಚಿಯಾದ ಸಾರ್ಸರರ್ ಇದ್ದ, ನಿನಗೆ ನೆನಪಿದೆಯಾ? ಅವನಿಗೆ ಸ್ಲಾಟ್ ಇಲ್ಲ, ವಿಲ್‌ಪವರ್ ಅಂತ ಪಾಯಿಂಟು. ಖರ್ಚು ಮಾಡುತ್ತಾ ಹೋದ ಹಾಗೆ ಮೈಯಲ್ಲಿರುವ ಡ್ರ್ಯಾಗನ್ ರಕ್ತ ಎಚ್ಚರಗೊಳ್ಳುತ್ತದೆ, ಮಂತ್ರ ಬರಿದಾಗುತ್ತಾ ಬಂದಂತೆ ಮುಂದೆ ನುಗ್ಗಿ ಕೈಯಾರೆ ಹೊಡೆದಾಡುವವನಾಗುತ್ತಾನೆ. ಎಂಥಾ ಯೋಚನೆ ನೋಡು, ಖಾಲಿಯಾಗುವುದೇ ಒಂದು ಬಲ! ಅದನ್ನು ಪುಸ್ತಕಕ್ಕೆ ತರಲಿಲ್ಲ. ಹೊಸ ಎಡಿಷನ್‌ನಲ್ಲಿ ಯಾವುದಾದರೂ ರೂಪದಲ್ಲಿ ವಾಪಸ್ ಬರುತ್ತದೆ ಅನ್ನುವುದು ಅರ್ಧ ಊಹೆ, ಅರ್ಧ ಆಸೆ.

ಯಾವುದೋ ದೊಡ್ಡ ಶಕ್ತಿಯ ಜೊತೆ ಒಪ್ಪಂದ ಮಾಡಿಕೊಂಡು ಮಂತ್ರ ಪಡೆಯುವ ವಾರ್ಲಾಕ್‌ನನ್ನು ಮುಟ್ಟಲ್ಲ. 2024ರ ಪುಸ್ತಕಕ್ಕೆ ಮೊದಲು, 2023ರಲ್ಲಿ ಆಟಗಾರರಿಗೆ ಕರಡು ಕೊಟ್ಟು ಮಾಡಿದ ಪ್ರಯೋಗದಲ್ಲಿ ಒಮ್ಮೆ ಮುಟ್ಟಿ ನೋಡಿದರು, ಷಾರ್ಟ್ ರೆಸ್ಟ್‌ನಲ್ಲಿ, ಅಂದರೆ ನಡುವಿನ ಚಿಕ್ಕ ವಿಶ್ರಾಂತಿಯಲ್ಲಿ, ವಾಪಸ್ ಬರುವ ಅವನ ಬೆರಳೆಣಿಕೆಯ ಸ್ಲಾಟ್ ತೆಗೆದು ಪಾಲಡಿನ್ (ಮಂತ್ರ ಬಲ್ಲ ಯೋಧ) ಥರದ ಅರೆ ಮಂತ್ರವಾದಿ ಮಾಡಿದರು. ಆಟಗಾರರಿಗೆ ಹಿಡಿಸಲಿಲ್ಲ, ಹಳೆಯದಕ್ಕೇ ಬಂದರು. ನನ್ನ ಪ್ರಕಾರ ಹೊಸ ನಿಯಮಕ್ಕೆ ಹತ್ತಿರ ಇರುವವನು ಅವನೇ, ಕಡಿಮೆ ಮಂತ್ರ ಆದರೆ ಬೇಗ ವಾಪಸ್. ಉಳಿದವರು ಅವನ ಕಡೆ ಸರಿಯುತ್ತಾರೆ.

ಇನ್ನು ನಿನ್ನ ವಿಝಾರ್ಡ್. ಅವನ ಸ್ಲಾಟ್ ಸ್ವಲ್ಪ ಕಡಿಮೆ ಆಗಬಹುದು, ಬೇಜಾರು ಮಾಡಿಕೊಳ್ಳಬೇಡ. ಅದಕ್ಕೆ ಬದಲಾಗಿ ಪುಸ್ತಕಕ್ಕೆ ಬೆಲೆ ಬರುತ್ತದೆ. 2023ರ ಅದೇ ಪ್ರಯೋಗದಲ್ಲಿ ವಿಝಾರ್ಡ್‌ಗೆ ಮಂತ್ರವನ್ನು ತಿದ್ದುವ, ತಿದ್ದಿದ್ದನ್ನು ಹೊಸ ಮಂತ್ರ ಅಂತ ಬರೆದಿಟ್ಟುಕೊಳ್ಳುವ ಅವಕಾಶ ಕೊಟ್ಟಿದ್ದರು. ಅದೂ ಬಿದ್ದುಹೋಯಿತು. ಉಳಿದದ್ದು ಐದನೇ ಲೆವೆಲ್‌ನಲ್ಲಿ ಷಾರ್ಟ್ ರೆಸ್ಟ್ ಆದ ಮೇಲೆ ಒಂದು ಮಂತ್ರ ಬದಲಿಸಿಕೊಳ್ಳುವುದಷ್ಟೇ. ಜಾಸ್ತಿ ಬಾಂಬ್ ಹಾಕುವವನು ಅನ್ನುವುದಕ್ಕಿಂತ ಮಂತ್ರದ ಒಳಗನ್ನು ಬಿಚ್ಚಿ ನೋಡುವವನು ಅನ್ನುವುದೇ ವಿಝಾರ್ಡ್‌ಗೆ ಒಪ್ಪುವ ವೇಷ, ಅಲ್ಲಿಗೆ ಅವರು ಮತ್ತೆ ಬಂದೇ ಬರುತ್ತಾರೆ.

ಕ್ಲೆರಿಕ್, ಪ್ರಕೃತಿಯಿಂದ ಮಂತ್ರ ಪಡೆಯುವ ಡ್ರೂಯಿಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಇಬ್ಬರೂ ಈಗಲೇ ಗಟ್ಟಿ. ಗಮನ ಇಟ್ಟು ನಡೆಸಬೇಕಾದ ಮಂತ್ರ ಒಮ್ಮೆಗೆ ಒಂದೇ ಅನ್ನುವ ಕಾನ್ಸಂಟ್ರೇಷನ್ ನಿಯಮವೂ ಉಳಿಯುತ್ತದೆ, ಉಳಿಯಲೇಬೇಕು. ಮೂರನೇ ಎಡಿಷನ್‌ನಲ್ಲಿ ಬಾಗಿಲು ತೆಗೆಯುವ ಮೊದಲು ಮೈತುಂಬ ಮಂತ್ರ ಹೇರಿಕೊಂಡು, ಯಾವುದು ಇನ್ನೂ ಎಷ್ಟು ಸುತ್ತು ಇದೆ ಅಂತ ಲೆಕ್ಕ ಹಾಕುತ್ತಾ ಕೂರುತ್ತಿದ್ದ ಕಾಟ ಮತ್ತೆ ಬೇಡ.

ಅಲ್ಲಿಯವರೆಗೆ ಸುಮ್ನೆ ಕಾಯುವ ಬದಲು ಒಂದು ಕೆಲಸ ಮಾಡು. 2014ರ ಡಿಎಂ ಪುಸ್ತಕದಲ್ಲಿ ಗ್ರಿಟಿ ರಿಯಲಿಸಂ ಅಂತ ಒಂದು ಐಚ್ಛಿಕ ನಿಯಮ ಇದೆ, ಷಾರ್ಟ್ ರೆಸ್ಟ್‌ಗೆ ಎಂಟು ಗಂಟೆ, ಲಾಂಗ್ ರೆಸ್ಟ್‌ಗೆ ಏಳು ದಿನ. ನಿಮ್ಮ ಡಿಎಂ ತಲೆ ತಿಂದು ಒಂದು ಚಿಕ್ಕ ಸಾಹಸವನ್ನು ಹಾಗೆ ಆಡಿಸು. ಎರಡನೇ ಫೈರ್‌ಬಾಲ್ ಬಿಡುವ ಮೊದಲು ನಿನ್ನ ವಿಝಾರ್ಡ್ ಎಷ್ಟು ಹೊತ್ತು ತಲೆ ಕೆರೆದುಕೊಂಡ ಅಂತ ನನಗೆ ಬರೆ.

ಇಂತಿ,
ನಿನ್ನ ಗೆಳೆಯ