ಬೆಸುಗೆ ಬಿಡುವ ಜಾಗ

ಟೋಕಿಯೋ,
ಜೂನ್ 22

ಪ್ರೀತಿಯ ಅಪ್ಪ, ಅಮ್ಮ,

ಇಲ್ಲಿ ಮಳೆಗಾಲ ಶುರುವಾಗಿದೆ. ತೀರ್ಥಹಳ್ಳಿ ಮಳೆಯ ಹಾಗೆ ಹೆಂಚು ಹಾರಿಸುವಂಥದ್ದಲ್ಲ, ಸುಮ್ನೆ ಜಿಟಿಜಿಟಿ. ಸೆಕೆ ಮಾತ್ರ ಜಾಸ್ತಿ, ಅಂಗಿ ಬೆನ್ನಿಗೆ ಅಂಟಿಕೊಂಡೇ ಇರುತ್ತದೆ. ಫೋನಿನಲ್ಲಿ ಅಪ್ಪ ಏನೋ ಕೇಳುವುದು, ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ "ಊಟ ಆಯ್ತಾ" ಅನ್ನುವುದು, ಅಷ್ಟಕ್ಕೆ ಲೈನ್ ಕಟ್ಟಾಗುವುದು, ಪ್ರತಿ ವಾರ ಇದೇ ಕತೆ. ಅದಕ್ಕೇ ಬರೆಯಲು ಕೂತೆ.

ಮೊದಲು ಅಮ್ಮನ ವಿಷಯ. ಅಮ್ಮ, ಹೋಲ್ಟರ್, ಅಂದರೆ ಆ ಇಡೀ ದಿನದ ಎದೆಬಡಿತದ ಟೆಸ್ಟಿನ ರಿಪೋರ್ಟ್ ಸರಿ ಬರದಿದ್ದದ್ದು ನಿನ್ನ ತಪ್ಪಲ್ಲ. "ನೀವೇ ಕಿತ್ತಿರಬೇಕು" ಅಂತ ಅಲ್ಲಿ ಯಾರೋ ಅಂದರಂತೆ, ನೀನು ಎರಡು ದಿನ ಮಂಕಾಗಿದ್ದೆಯಂತೆ, ಅಕ್ಕ ಹೇಳಿದಳು. ನನಗೆ ಸಿಟ್ಟೇ ಬಂತು. ಏಪ್ರಿಲ್ ಸೆಕೆಯಲ್ಲಿ ಎದೆಗೆ ಐದು ಬಿಲ್ಲೆ ಅಂಟಿಸಿ, ವೈರು ಇಳಿಬಿಟ್ಟು, ಸೊಂಟಕ್ಕೆ ಡಬ್ಬಿ ಕಟ್ಟಿ, 24 ಗಂಟೆ ಹೀಗೇ ಇರಿ ಅಂತ ಕಳಿಸಿದರೆ ಒಲೆ ಮುಂದೆ ನಿಲ್ಲುವವಳಿಗೆ ಬೆವರದೆ ಇರುತ್ತದಾ? ಬಿಲ್ಲೆಯ ಕೆಳಗಿನ ಬೆವರಿಗೆ ಹೊರಗೆ ಹೋಗಲು ದಾರಿ ಇಲ್ಲ. ಅಂಟು ಬಿಡುತ್ತದೆ, ಚರ್ಮ ಕೆಂಪಾಗಿ ತುರಿಸುತ್ತದೆ. ಬಿಲ್ಲೆ ಪೂರ್ತಿ ಕಿತ್ತು ಬರಬೇಕೆಂದೂ ಇಲ್ಲ. ಸ್ವಲ್ಪ ಜರುಗಿದರೆ ಸಾಕು, ಎದೆಬಡಿತದ ಗೆರೆ ಯಾವುದು, ನೀನು ರೊಟ್ಟಿ ತಟ್ಟಿದ್ದು ಯಾವುದು ಅಂತ ಗೊತ್ತಾಗದಷ್ಟು ಕಲಸಿಹೋಗುತ್ತದೆ.

ಅಪ್ಪ, "ಅಷ್ಟು ದೂರ ಹೋಗಿ ನೀನು ಮಾಡೋದಾದ್ರೂ ಏನು" ಅಂತ ಕೇಳುತ್ತಿದ್ದಿರಲ್ಲ, ಇದೇ. ಆ ಬಿಲ್ಲೆಯ ಬದಲು ಮೈಮೇಲೆ ಇದ್ದದ್ದೇ ಗೊತ್ತಾಗದ ಹಾಗೆ ಕೂರುವಂಥದ್ದೊಂದನ್ನು ಮಾಡುವುದು. ನಗಬೇಡಿ, ಕೊನೆಗೂ ನಾನು ಮಾಡುತ್ತಿರುವುದು ನಿಮ್ಮ ಹಾಗೆ ಚಿನ್ನದ ಕೆಲಸವೇ.

ಚರ್ಮ ಹಿಗ್ಗುತ್ತದೆ, ಮಡಚುತ್ತದೆ, ಲೋಹ ಹಾಗೆ ಮಾಡುವುದಿಲ್ಲ. ತೊಂದರೆಯೆಲ್ಲ ಅಲ್ಲಿಯೇ. ಅಮೆರಿಕದಲ್ಲಿ ಜಾನ್ ರೋಜರ್ಸ್ ಅಂತ ಒಬ್ಬರು ಮತ್ತು ಅವರ ಜೊತೆಯವರು 2011ರಲ್ಲಿ ಒಂದು ಉಪಾಯ ತೋರಿಸಿದರು. ತೀರಾ ತೆಳು ತಂತಿಯನ್ನು ಮೆತ್ತಗಿನ ತೆಳು ಹಾಳೆಯ ಮೇಲೆ ಹಾವು ಹರಿದ ಹಾಗೆ ಡೊಂಕುಡೊಂಕಾಗಿ ಇಟ್ಟು, ನಾವು ಚಿಕ್ಕವರಿದ್ದಾಗ ಬಬಲ್ ಗಮ್ ಜೊತೆ ಬರುತ್ತಿದ್ದ ಚಿತ್ರವನ್ನು ನೀರು ಹಚ್ಚಿ ಕೈಗೆ ಅಂಟಿಸಿಕೊಳ್ಳುತ್ತಿದ್ದೆವಲ್ಲ, ಹಾಗೆ ಮೈಗೆ ಅಂಟಿಸಿದರು. ಚರ್ಮ ಎಳೆದಾಗ ಡೊಂಕು ಬಿಚ್ಚಿಕೊಳ್ಳುತ್ತದೆ, ತಂತಿ ಕಡಿಯುವುದಿಲ್ಲ. ನಿಮ್ಮ ಸ್ಪ್ರಿಂಗ್ ಬಳೆ ಹಿಗ್ಗುವುದೂ ಹೀಗೇ ತಾನೆ.

ಇಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ತಕಾವೋ ಸೊಮೆಯಾ ಅವರ ತಂಡ 2017ರಲ್ಲಿ ಇನ್ನೂ ಮುಂದೆ ಹೋಯಿತು. ಹಾಳೆಯೇ ಬೇಡ, ಬರೀ ಚಿನ್ನದ ಬಲೆ ಸಾಕು ಅಂದರು. ಬಲೆಯಾದರೆ ಬೆವರು, ಗಾಳಿ ಎರಡೂ ಆಡುತ್ತವೆ. ನಾವು ಮಾಡುವುದೂ ಅದೇ ದಾರಿಯಲ್ಲಿ. ನೀರಿನಲ್ಲಿ ಕರಗುವ ಪಿವಿಎ ಅನ್ನುವ ಒಂದು ಅಂಟನ್ನು ಸೂಜಿಯಲ್ಲಿ ತುಂಬಿ ಜೋರು ವೋಲ್ಟೇಜ್ ಕೊಟ್ಟರೆ, ಎಳ್ಳಮಾವಾಸ್ಯೆ ಜಾತ್ರೆಯ ಬಾಂಬೆ ಮಿಠಾಯಿಯ ಹಾಗೆ ನೂಲು ನೂಲಾಗಿ ಬಂದು ಕೂರುತ್ತದೆ. ಅದನ್ನು ಗಾಳಿ ತೆಗೆದ ಪೆಟ್ಟಿಗೆಯಲ್ಲಿಟ್ಟು, ಚಿನ್ನವನ್ನು ಆವಿಯಾಗುವಷ್ಟು ಕಾಯಿಸಿ ಅದರ ಮೇಲೆ ಹಿಡಿಸುತ್ತೇವೆ. ದಪ್ಪ 70ರಿಂದ 100 ನ್ಯಾನೋಮೀಟರ್. ಇಲ್ಲಿ ಕನಜಾವಾ ಅಂತ ಒಂದು ಊರಿದೆ, ಚಿನ್ನದ ರೇಕಿಗೆ ಹೆಸರುವಾಸಿ. ಅವರು ಬಡಿದು ಬಡಿದು ಮಿಲಿಮೀಟರಿನ 10,000ದಲ್ಲಿ ಒಂದು ಪಾಲಿಗೆ ತರುತ್ತಾರೆ. ನಮ್ಮದೂ ಹೆಚ್ಚುಕಡಿಮೆ ಅಷ್ಟೇ. ಲೆಕ್ಕ ಹಾಕಿದೆ, ಒಂದು ಗುಲಗಂಜಿ ತೂಕದ ಚಿನ್ನದಲ್ಲಿ ಉಗುರಗಲದ ತುಣುಕು ನೂರಾರು ಆಗುತ್ತವೆ. ವೇಸ್ಟೇಜ್ ಎಷ್ಟು ಅಂತ ಮಾತ್ರ ಕೇಳಬೇಡಿ! ಬಹುಪಾಲು ಪೆಟ್ಟಿಗೆಯ ಗೋಡೆಗೆ ಹೋಗಿ ಕೂರುತ್ತದೆ. ಅದನ್ನೂ ಕೆರೆದು ತೆಗೆದಿಡುತ್ತೇವೆ, ನೀವು ಅಂಗಡಿ ಕಸ ಗುಡಿಸಿ ಡಬ್ಬಿಗೆ ಹಾಕಿಡುವ ಹಾಗೆ.

ಮೊದಲ ಸಲ ನನ್ನ ಬೆರಳಿಗೇ ಹಾಕಿಕೊಂಡೆ. ತುಣುಕನ್ನು ಇಟ್ಟು ಮೇಲೆ ನೀರು ಸಿಂಪಡಿಸಿದಾಗ ನೂಲು ಕರಗಿಹೋಯಿತು, ಚಿನ್ನ ಉಳಿಯಿತು. ಚಿಮಟದಲ್ಲಿ ಹಿಡಿದಿದ್ದ ವಸ್ತು ಎಲ್ಲಿ ಹೋಯಿತು ಅಂತ ನೋಡಿದರೆ, ಬೆರಳಚ್ಚಿನ ಒಂದೊಂದು ಗೆರೆಯೂ ಹೊಂಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ಏನೂ ಸಿಗುವುದಿಲ್ಲ.

ಆದರೆ ಬಲೆ ಒಂದೇ ಸಾಲದು. ಅದು ಹಿಡಿದ ಎದೆಬಡಿತವನ್ನು ಎಲೆಕ್ಟ್ರಾನಿಕ್ ಚಿಪ್‌ಗೆ ಮುಟ್ಟಿಸಬೇಕು, ಬ್ಯಾಟರಿ ಬೇಕು. ಬ್ಯಾಟರಿ ಇನ್ನೂ ಗಟ್ಟಿ ಬಿಲ್ಲೆಯೇ. ಮೆತ್ತಗಿನದಕ್ಕೂ ಗಟ್ಟಿಯದಕ್ಕೂ ಜೋಡಣೆ ಆಗುವ ಕಡೆಯೇ ನಾನು ಆರು ತಿಂಗಳಿಂದ ಒದ್ದಾಡುತ್ತಿರುವುದು. 2017ರ ಆ ಬಲೆಯನ್ನು ಬೆರಳಿಗೆ ಹಾಕಿ 10,000ಕ್ಕೂ ಹೆಚ್ಚು ಸಲ ಮಡಚಿ ಬಿಡಿಸಿದರೂ ಕೆಲಸ ಮಾಡಿತ್ತು. ನನ್ನ ಜೋಡಣೆ ಕಳೆದ ವಾರ ಮೆಟ್ಟಿಲು ಇಳಿಯಲು ಹೊರಡುವಷ್ಟರಲ್ಲಿ ಬಿಟ್ಟಿತು. ಕಂಪ್ಯೂಟರಿನಲ್ಲಿ ಗೆರೆ ಚೆನ್ನಾಗಿ ಓಡುತ್ತಿತ್ತು, ಬ್ಯಾಗ್ ಹೆಗಲಿಗೆ ಹಾಕಿಕೊಂಡೆ, ಗೆರೆ ಚಪ್ಪಟೆ. ಪಕ್ಕದ ಹುಡುಗಿ ಗಾಬರಿಯಾಗಿ ನನ್ನ ಮುಖ ನೋಡಿದಳು. ಬದುಕಿದ್ದೇನೆ ಮಾರಾಯ್ತಿ ಅಂತ ಹೇಳಬೇಕಾಯಿತು. ರಿಪೇರಿಗೆ ಬಂದ ಸರ ಹಿಡಿದು "ಕಡಿದಿದೆ ಅಂದ್ರೆ ಮೊದಲು ಬೆಸುಗೆ ನೋಡು" ಅಂತ ನೀವು ಹೇಳುತ್ತಿದ್ದದ್ದು ಅವತ್ತಿಡೀ ತಲೆಯಲ್ಲಿ ಸುತ್ತುತ್ತಿತ್ತು.

ಅದಕ್ಕೇ ಒಂದು ವಿಷಯ ಕೇಳಬೇಕು. ತೆಳು ಸರಕ್ಕೆ ತೂಕದ ಪದಕ ಹಾಕುವಾಗ ನೀವು ನೇರ ಬೆಸೆಯುವುದಿಲ್ಲ ಅಲ್ವಾ? ನಡುವೆ ಮಧ್ಯಮ ದಪ್ಪದ್ದೊಂದು ಕೊಂಡಿ ಇಡುತ್ತೀರಿ. ನಾನೂ ಈಗ ಹಾಗೇ, ಬಲೆಗೂ ಚಿಪ್‌ಗೂ ನಡುವೆ ಅರ್ಧ ಮೆತ್ತಗಿನ ರಬ್ಬರ್ ಪಟ್ಟಿ ಇಟ್ಟು ನೋಡುತ್ತಿದ್ದೇನೆ. ಕೊಂಡಿಯ ಯಾವ ಕಡೆ ಮೊದಲು ಸವೆಯುತ್ತದೆ, ಸರದ ಕಡೆಯಾ ಪದಕದ ಕಡೆಯಾ? ಅಜ್ಜಿಯ ಅವಲಕ್ಕಿ ಸರ ಹೊರಗೆ ತೆಗೆದಾಗ ಹತ್ತಿರದಿಂದ ಎರಡು ಫೋಟೋ ತೆಗೆದು ಕಳಿಸಿ. ಭೂತಗನ್ನಡಿ ಮೇಲೆ ಮೊಬೈಲ್ ಇಟ್ಟರೆ ಚೆನ್ನಾಗಿ ಬರುತ್ತದೆ.

ಚಿಕ್ಕಪ್ಪ ಹೇಳಿದ ವಾಚನ್ನು ಈಗಲೇ ತರಿಸಬೇಡಿ. ಅದರಲ್ಲಿ ಇಸಿಜಿ ಬರುವುದು ನಾವು ಬೆರಳಿಟ್ಟು ಅರ್ಧ ನಿಮಿಷ ಅಲುಗಾಡದೆ ಕೂತಾಗ. ಅಮ್ಮನಿಗೆ ಎದೆ ಡವಡವ ಅನ್ನುವುದು ರಾತ್ರಿ ಮಗ್ಗುಲು ಬದಲಿಸಿದಾಗ, ಎದ್ದು ಕೂರುವಷ್ಟರಲ್ಲಿ ನಿಂತೂ ಹೋಗಿರುತ್ತದೆ. ನಮ್ಮ ಬಲೆ ಅಂಗಡಿಗೆ ಬರುವವರೆಗೆ ಕಾಯುವ ಮಾತೂ ಬೇಡ. ಹೋಲ್ಟರ್ ಇನ್ನೊಂದು ಸಲ ಮಾಡಿಸಿ, ಈಗ ಮಳೆ ಬಂದು ತಂಪಾಗಿದೆಯಲ್ಲ. ಅಮ್ಮ, ಅವತ್ತು ಬೆಳಿಗ್ಗೆ ಸೋಪು ಹಾಕಿ ಸ್ನಾನ ಮಾಡು, ಮೈಗೆ ಕೊಬ್ಬರಿ ಎಣ್ಣೆ ಹಚ್ಚಬೇಡ, ಪೌಡರೂ ಬೇಡ. ಬಿಲ್ಲೆ ಬಿಟ್ಟರೆ ತಕ್ಷಣ ಫೋನ್ ಮಾಡಿ ಹೇಳು, ಸುಮ್ನೆ ಒತ್ತಿಕೊಂಡು ಕೂರಬೇಡ. ಅವತ್ತು ಒಂದು ದಿನ ಅಡಿಗೆ ಅಪ್ಪನದು.

ಇಂತಿ,
ನಿಮ್ಮ ಪುಟ್ಟಿ

ಮರೆತಿದ್ದೆ: ಮಿಡಿ ಉಪ್ಪಿನಕಾಯಿ ಬಾಟಲಿ ಕಳಿಸುವಾಗ ಮುಚ್ಚಳಕ್ಕೆ ಮೇಣ ಹಾಕಿ. ಹೋದ ಸಲದ್ದು ಸೋರಿ, ಅಕ್ಕ ಕೊಟ್ಟ ಸೀರೆಗೆಲ್ಲ ಮೆತ್ತಿಕೊಂಡಿತ್ತು. ಅವಳಿಗೆ ಹೇಳಬೇಡಿ.